ತಂಗಿರಲು ಬಂದವರ ಸೊಲ್ಲಾಪುರ

ಸೊಲ್ಲಾಪುರಕ್ಕೆ ಬರುವವರಲ್ಲಿ ಹೆಚ್ಚಿನವರು ಸೊಲ್ಲಾಪುರಕ್ಕಾಗಿ ಬಂದವರಲ್ಲ. ತುಳಜಾಭವಾನಿಯ ದರ್ಶನಕ್ಕೆ ಹೊರಟವರು, ಪಂಢರಪುರದ ವಿಠ್ಠಲನನ್ನು ಕಾಣಬೇಕೆಂದವರು, ಅಕ್ಕಲಕೋಟದ ಸ್ವಾಮಿ ಸಮರ್ಥರ ಸನ್ನಿಧಿಗೂ ಅಲ್ಲಿಂದ ಮುಂದೆ ಗಾಣಗಾಪುರದ ದತ್ತಕ್ಷೇತ್ರಕ್ಕೂ ಹರಕೆ ಹೊತ್ತವರು, ಈ ನಗರದ ನಿಲ್ದಾಣದಲ್ಲಿಳಿದು, ಚಹ ಕುಡಿದು, ಹೆಸರುವಾಸಿಯಾದ ಚಾದರವೊಂದನ್ನು ಕೊಂಡು, ಮುಂದಿನ ಬಸ್ಸು ಹಿಡಿದು ನಡೆದುಬಿಡುತ್ತಾರೆ. ಆದುದರಿಂದಲೇ ಇಲ್ಲಿ ಏನನ್ನು ನೋಡಬೇಕು, ಏನನ್ನು ಉಣ್ಣಬೇಕು ಎಂಬ ಬಗೆಗೆ ಲೋಕದಲ್ಲಿ ಪ್ರಚಲಿತವಾಗಿರುವ ಸಲಹೆಗಳೆಲ್ಲವೂ ಹಾದುಹೋಗುವವರ ಅವಸರಕ್ಕೆ ಹೊಂದುವಂಥವು. ಆದರೆ ಅಕ್ಕಲಕೋಟ ರಸ್ತೆಯ ಎಂಐಡಿಸಿಗೆ ಯಂತ್ರ ಜೋಡಿಸಲೆಂದೋ, ಸರಕು ಪರೀಕ್ಷಿಸಿ ಕೊಳ್ಳಲೆಂದೋ, ಲೆಕ್ಕಪತ್ರ ನೋಡಲೆಂದೋ ಬಂದು, ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ ನಿಲ್ಲಬೇಕಾದವರ ಒಂದು ವರ್ಗವೂ ಉಂಟು. ದೇವರ ದರ್ಶನ ಎರಡು ಭಾನುವಾರಗಳಲ್ಲಿ ಮುಗಿದು, ಮೂರನೆಯ ಭಾನುವಾರ ವಸತಿಗೃಹದ ಕಿಟಕಿಯಿಂದ ರಸ್ತೆಯ ಧೂಳನ್ನು ನೋಡುತ್ತ, ಈ ಊರಿನಲ್ಲಿ ಇನ್ನೇನೂ ಇಲ್ಲವೆಂದು ತೀರ್ಮಾನಿಸುವ ಅಂಥವರಿಗಾಗಿ, ಅದರಲ್ಲಿಯೂ ಅವರಲ್ಲಿ ಕನ್ನಡಿಗರಾದವರಿಗಾಗಿ, ಈ ಬರಹ. ಸೊಲ್ಲಾಪುರದ ಸೊಗಸು ಕಾಯ್ದು ಉಳಿಯುವವನಿಗೆ ದಕ್ಕುವಂಥದು. ಇಲ್ಲಿಯ ಊಟವೇ ಬಹುಕಾಲ ಕೆಡದೆ ಇರಲೆಂದು ಹುಟ್ಟಿದ ಊಟವಾಗಿರುವಾಗ ನೋಟ ಮಾತ್ರ ಅವಸರದ್ದಾದರೆ ಹೇಗೆ?

ನೋಡುವ ಕೆಲಸವನ್ನು ತಾವು ತಂಗಿರುವ ಸ್ಥಳದಿಂದಲೇ ಆರಂಭಿಸುವುದು ಲೇಸು. ಎಂಐಡಿಸಿ ಎಂಬ ಮೊಟಕು ಹೆಸರಿನಿಂದ ಎಲ್ಲರಿಗೂ ಪರಿಚಿತವಾದ ಮಹಾರಾಷ್ಟ್ರ ಔದ್ಯೋಗಿಕ ವಿಕಾಸ ಮಹಾಮಂಡಳವು 1962ರಲ್ಲಿ ಸ್ಥಾಪಿತವಾದುದು. ಅದರ ವಸಾಹತುಗಳು ರಾಜ್ಯದ ತುಂಬ ಇವೆಯಾದರೂ ಅಕ್ಕಲಕೋಟ ರಸ್ತೆಯದು ಬಹುಮಟ್ಟಿಗೆ ನೂಲಿನ ಪ್ರಪಂಚ. 1877ರಲ್ಲಿ ಆರಂಭವಾಗಿ ಮುಂದೆ ಜನರ ಬಾಯಲ್ಲಿ ‘ಜುನೀ ಮಿಲ್’ ಆದ ಗಿರಣಿಯೂ ಅದರ ಹಿಂದೆ ಬಂದ ಲಕ್ಷ್ಮೀ-ವಿಷ್ಣು, ನರಸಿಂಗ ಗಿರ್ಜಿ ಮೊದಲಾದ ಗಿರಣಿಗಳೂ ಒಂದೊಂದಾಗಿ ಬಾಗಿಲು ಮುಚ್ಚಿದ ಮೇಲೆ, ನಗರದ ನೇಯ್ಗೆಯ ಬಾಳು ಉಳಿದುದು ಪೂರ್ವಭಾಗವೆಂದು ಕರೆಯಲ್ಪಡುವ ಪೇಠಗಳ ಪದ್ಮಶಾಲಿ ಮನೆಗಳ ಮಗ್ಗಗಳಲ್ಲಿ ಮತ್ತು ಈ ರಸ್ತೆಯ ಶೆಡ್ಡುಗಳಲ್ಲಿ. ಪರಿಚಯದವರ ಮೂಲಕ ಮಾಲೀಕರ ಅಪ್ಪಣೆ ಪಡೆದು ಟವೆಲ್ ನೇಯುವ ಮಗ್ಗವೊಂದರ ಮುಂದೆ ಸ್ವಲ್ಪ ಹೊತ್ತು ನಿಂತು ನೋಡಿರಿ. ಆ ಮಗ್ಗದಲ್ಲಿ ಹಾಸಿನ ನೂಲು ಎರಡು ಉರುಳೆಗಳಿಂದ ಬರುತ್ತದೆ. ಒಂದು ಬಿಗಿ, ಇನ್ನೊಂದು ಸಡಿಲ. ಹೊಕ್ಕಿನ ಎಳೆಗಳು ಎರಡು ಬಾರಿ ನೇಯ್ದ ಅಂಚಿಗೆ ತಾಗದೆ ತುಸು ದೂರದಲ್ಲಿಯೇ ನಿಂತು, ಮೂರನೆಯ ಬಾರಿ ಹಣಿಗೆಯ ಪೆಟ್ಟಿಗೆ ಮೂರೂ ಒಟ್ಟಾಗಿ ಮುಂದಕ್ಕೆ ಸರಿಯುವಾಗ, ಬಿಗಿಯಾದ ಹಾಸು ಇದ್ದಲ್ಲಿಯೇ ಇರುತ್ತದೆ, ಸಡಿಲವಾದುದು ಮಾತ್ರ ಮೇಲೆದ್ದು ಕುಣಿಕೆಯಾಗುತ್ತದೆ. ನಮ್ಮ ಮೈಯ ನೀರನ್ನು ಹೀರುವುದು ಆ ಕುಣಿಕೆಯೇ. ಚಾದರದ ಮಗ್ಗದ ಮೇಲ್ಗಡೆ ಜಕಾರ್ಡ್ ಯಂತ್ರವಿದ್ದರೆ, ರಂಧ್ರಗಳುಳ್ಳ ಪಟ್ಟಿಗಳ ಸರಮಾಲೆಯೊಂದು ಯಾವ ಎಳೆ ಮೇಲೇಳಬೇಕು, ಯಾವುದು ಕೆಳಗುಳಿಯಬೇಕು ಎಂಬುದನ್ನು ಸಾಲು ಸಾಲಾಗಿ ವಿಧಿಸುತ್ತಿರುವುದನ್ನೂ ಕಾಣಬಹುದು. ಕಿವಿಗಡಚಿಕ್ಕುವ ಆ ಸದ್ದಿನ ನಡುವೆ ಕೆಲಸಗಾರರು ತೆಲುಗು, ಮರಾಠಿ, ಕನ್ನಡಗಳನ್ನು ಒಂದರೊಳಗೊಂದು ಹೊಸೆದು ಕೂಗಿ ಮಾತನಾಡುವುದನ್ನು ಕೇಳುವುದೂ ಒಂದು ವಿದ್ಯಾಭ್ಯಾಸ.

ಈ ಬದುಕು ಸುಖದ ಬದುಕಲ್ಲವೆಂಬುದನ್ನೂ ಅತಿಥಿಯಾದವನು ಅರಿತಿರಬೇಕು. 2025ರ ಮೇ ತಿಂಗಳಿನಲ್ಲಿ ಇದೇ ವಸಾಹತಿನ ಟವೆಲ್ ಕಾರ್ಖಾನೆಯೊಂದಕ್ಕೆ ಬೆಳಗಿನ ಜಾವ ಬೆಂಕಿ ಬಿದ್ದು, ಅಲ್ಲಿಯೇ ವಾಸವಾಗಿದ್ದ ಮಾಲೀಕರ ಮನೆಯವರೂ ಕೆಲಸಗಾರರ ಮನೆಯವರೂ ಸೇರಿ ಎಂಟು ಮಂದಿ ಮಡಿದರು. ರಸ್ತೆಯಲ್ಲಿ ಇನ್ನಷ್ಟು ಮುಂದೆ ಹೋದರೆ ಕುಂಭಾರಿ. ಬೀಡಿ ಕಟ್ಟುವ ಹೆಂಗಸರಿಗಾಗಿ ಅಲ್ಲಿ ಕಟ್ಟಿದ ಗೋದೂತಾಯಿ ಪರುಳೇಕರ ವಸಾಹತಿನ ಹತ್ತು ಸಾವಿರ ಮನೆಗಳು 2006ರಲ್ಲಿ ಹಸ್ತಾಂತರಗೊಂಡವು. ರೇ ನಗರವೆಂಬ ಇನ್ನೊಂದು ವಸಾಹತಿನ 15,000 ಮನೆಗಳು 2024ರ ಜನವರಿಯಲ್ಲಿ ಅಸಂಘಟಿತ ಕಾರ್ಮಿಕರ ಕೈಸೇರಿದವು. ಹೋರಾಡಿ ಮನೆ ಪಡೆದ ಶ್ರಮಿಕರ ಇಂಥದೊಂದು ಪಟ್ಟಣ, ಯಾವ ಪ್ರವಾಸದ ಕೈಪಿಡಿಯಲ್ಲಿಯೂ ಹೆಸರಿಲ್ಲದಿದ್ದರೂ, ಸಂಜೆಯೊಂದನ್ನು ಕೊಟ್ಟು ಸುತ್ತಿ ಬರಲು ತಕ್ಕುದೆಂದು ನನ್ನ ಮತ.

ಇನ್ನು ಊಟದ ಮಾತು. ಇದು ಜೋಳದ ಸೀಮೆ. ಮಳೆಗಾಲ ಮುಗಿಯುವ ಹೊತ್ತಿಗೆ ಎರೆಯ ಹೊಲದಲ್ಲಿ ಬಿತ್ತಿ, ನೆಲ ಹಿಡಿದಿಟ್ಟ ತೇವದಿಂದಲೂ ಚಳಿಗಾಲದ ಇಬ್ಬನಿಯಿಂದಲೂ ಬೆಳೆಯುವ ಹಿಂಗಾರಿ ಜೋಳಕ್ಕೆ ಮಂಗಳವೇಢೆಯ ಸುತ್ತಲಿನ ನೆಲವು ತವರು. ಆ ಜೋಳಕ್ಕೆ ಈಗ ಭೌಗೋಳಿಕ ಸೂಚಕದ ಮನ್ನಣೆಯೂ ದೊರೆತಿದೆ. ಮಾಲದಂಡಿ ಎಂದು ದಖ್ಖನದ ಉದ್ದಗಲಕ್ಕೂ ಒಕ್ಕಲಿಗರು ಇಂದಿಗೂ ನೆಚ್ಚುವ ತಳಿಯನ್ನು ಕಳೆದ ಶತಮಾನದ ಮೂವತ್ತರ ದಶಕದಲ್ಲಿ ಆಯ್ದು ನೆಲೆಗೊಳಿಸಿದುದು ಇಲ್ಲಿಗೆ ಸಮೀಪದ ಮೋಹೋಳದ ಕೃಷಿಕೇಂದ್ರದಲ್ಲಿ. ಈ ಜೋಳದ ಹಿಟ್ಟನ್ನು ಬಿಸಿನೀರಿನಲ್ಲಿ ನಾದಿ, ಕಾಗದದಷ್ಟು ತೆಳ್ಳಗೆ ಬಡಿದು, ಹಂಚಿನ ಮೇಲೆ ಬೇಯಿಸಿ, ಬಳಿಕ ಒಲೆಯ ಬದಿಗೆ ಒರಗಿಸಿ ತೇವವೆಲ್ಲ ಆರುವಂತೆ ಒಣಗಿಸಿದರೆ ಅದು ಖಡಕ್ ರೊಟ್ಟಿ. ತೇವವಿಲ್ಲದುದರಿಂದ ಬೂಷ್ಟು ಹಿಡಿಯದು. ಅರಿವೆಯಲ್ಲಿ ಸುತ್ತಿಟ್ಟರೆ ವಾರಗಳವರೆಗೆ ನಿಲ್ಲುತ್ತದೆ. ಜಾತ್ರೆಗೆ ಹೊರಟವನಿಗೆ, ಹೊಲದಲ್ಲಿ ತಂಗುವವನಿಗೆ, ದೂರದ ಕೆಲಸಕ್ಕೆ ಹೋಗುವವನಿಗೆ ಇದೇ ಬುತ್ತಿ. ಮತ್ತು ಅಡುಗೆಮನೆಯಿಲ್ಲದ ಬಾಡಿಗೆಯ ಕೋಣೆಯಲ್ಲಿ ದಿನ ನೂಕುವ ಎಂಐಡಿಸಿಯ ಪರಸ್ಥಳೀಯನಿಗೆ ಇದಕ್ಕಿಂತ ಅನುಕೂಲವಾದ ಆಹಾರವನ್ನು ನಾನರಿಯೆ. ಮನೆಯಲ್ಲಿ ರೊಟ್ಟಿ ಬಡಿದು ಮಾರುವ ಹೆಂಗಸರು ನಗರದ ಪ್ರತಿಯೊಂದು ಭಾಗದಲ್ಲಿಯೂ ಇದ್ದಾರೆ. ಥಳುಕಿನ ಪೊಟ್ಟಣದಲ್ಲಿ ಅಂಗಡಿಗೆ ಬರುವುದಕ್ಕಿಂತ ಅವರ ಮನೆಯ ಬಾಗಿಲಿಗೆ ಹೋಗಿ ಕೊಳ್ಳುವುದೇ ಉತ್ತಮ. ಮರಾಠಿ ಬಾರದೆಂದು ಅಂಜಬೇಕಾಗಿಲ್ಲ, “ಅಕ್ಕಾರ, ರೊಟ್ಟಿ ಅದಾವೇನ್ರಿ?” ಎಂದು ಕೇಳಿದರೆ, ಅನೇಕ ಕಡೆಗಳಲ್ಲಿ “ಎಷ್ಟ ಬೇಕ್ರಿ ಅಣ್ಣಾರ?” ಎಂಬ ಉತ್ತರವೇ ಬರುತ್ತದೆ.

ರೊಟ್ಟಿಗೆ ಜೊತೆ ಶೇಂಗಾ ಹಿಂಡಿ. ಸೊಲ್ಲಾಪುರದ ಶೇಂಗಾ ಚಟ್ನಿಯೆಂದು ಪುಣೆ ಮುಂಬಯಿಗಳವರೆಗೂ ಹೋಗುವ ಈ ಪದಾರ್ಥದ ಗುಟ್ಟು ಕುಟ್ಟುವುದರಲ್ಲಿದೆ. ಹುರಿದು ಸಿಪ್ಪೆ ತೆಗೆದ ಶೇಂಗಾ, ಕೆಂಪು ಖಾರ, ಬೆಳ್ಳುಳ್ಳಿ, ಜೀರಿಗೆ, ಉಪ್ಪು, ಇವುಗಳನ್ನು ಒರಳಿಗೆ ಹಾಕಿ ಕುಟ್ಟಿದಾಗ ಕಾಳು ಜಜ್ಜಿಹೋಗಿ, ಒಳಗಿನ ಎಣ್ಣೆ ಹೊರಬಂದು, ಖಾರವನ್ನೂ ಬೆಳ್ಳುಳ್ಳಿಯನ್ನೂ ತನ್ನೊಳಗೆ ಸೆಳೆದುಕೊಂಡು ಇಡೀ ಮಿಶ್ರಣ ಮುದ್ದೆಗಟ್ಟುತ್ತದೆ. ಮಿಕ್ಸರಿನ ಅಲಗು ಕಾಳನ್ನು ಕತ್ತರಿಸಿ ಪುಡಿಮಾಡುವುದೇ ಹೊರತು ಹೀಗೆ ಹಿಂಡಲಾರದು. ಆದುದರಿಂದ ಕೊಳ್ಳುವಾಗ ಬಣ್ಣವನ್ನು ನೋಡದೆ, ಚಿಟಿಕೆಯಷ್ಟನ್ನು ಬೆರಳುಗಳ ನಡುವೆ ಒತ್ತಿ ನೋಡಬೇಕು. ಒಟ್ಟಾಗಿ ನಿಂತರೆ ಒರಳಿನದು, ಉದುರಿದರೆ ಯಂತ್ರದ್ದು. ಮೊಸರಿನೊಡನೆ ಕಲಸಿಕೊಂಡು ತಿನ್ನುವುದು ಹೊಸಬರಿಗೆ ಕ್ಷೇಮ. ಈ ಸೀಮೆಯ ಖಾರ ಮೈಸೂರಿನವರ ನಾಲಗೆಗೆ ದಾಕ್ಷಿಣ್ಯ ತೋರುವಂಥದಲ್ಲ.

ಖಾನಾವಳಿಯಲ್ಲಿ ಕುಳಿತರೆ ಎಣ್ಣೆಗಾಯಿ, ಝುಣಕ, ಮಡಕಿಕಾಳಿನ ಪಲ್ಲೆ ಸಿಗುತ್ತವೆ. ಇವೆಲ್ಲಕ್ಕಿಂತ ನಾನು ಒತ್ತಿ ಹೇಳಬೇಕೆಂದಿರುವುದು ಪುಂಡಿಪಲ್ಲೆಯನ್ನು. ಆ ಹುಳಿ ಸೊಪ್ಪನ್ನು ಇಲ್ಲಿಯ ಲಿಂಗಾಯತರ ಮನೆಯಲ್ಲಿ ಜೋಳದ ನುಚ್ಚು ಹಾಕಿ ಬೇಯಿಸುವುದುಂಟು, ಮರಾಠಿಗರ ಮನೆಯಲ್ಲಿ ಬೆಳ್ಳುಳ್ಳಿಯ ಒಗ್ಗರಣೆ ಮೇಲೆ ಸುರಿಯುವುದುಂಟು, ಪೂರ್ವಭಾಗದ ತೆಲುಗರ ಮನೆಯಲ್ಲಿ ಮೆಣಸಿನಕಾಯಿಯೊಡನೆ ಅರೆದು ಅನ್ನಕ್ಕೆ ಕಲಸುವುದುಂಟು. ಮೂರು ಮನೆಗಳಲ್ಲಿಯೂ ಉಂಡವನಿಗೆ ಈ ನಗರದ ಜನಜೀವನದ ಮೇಲೆ ಬೇರೆ ಉಪನ್ಯಾಸ ಬೇಕಾಗದು. ಮಾಂಸಾಹಾರಿಗಳಾದವರು ಭಾನುವಾರದ ಮಟನ್ ರಸ್ಸೆಯಲ್ಲಿ ಖಡಕ್ ರೊಟ್ಟಿಯನ್ನು ಮುರಿದು ನೆನೆಹಾಕಿ ಉಣ್ಣುವ ಕ್ರಮವನ್ನು ಸಹೋದ್ಯೋಗಿಗಳಿಂದ ಕಲಿಯಬೇಕು. ರಮಜಾನಿನ ದಿನಗಳಾದರೆ ವಿಜಾಪುರ ವೇಸಿನ ಸಂಜೆಯ ಬಜಾರಿಗೆ ಹಸಿದ ಹೊಟ್ಟೆಯಲ್ಲಿ ಹೋಗಬೇಕು. ಪಾರ್ಕ್ ಮೈದಾನದ ಬಳಿಯ ಚೌಪಾಟಿಯಲ್ಲಿ ಭೇಲು, ಪಾವಭಾಜಿ ತಿನ್ನುವ ಗದ್ದಲವೂ ಒಂದು ಸಂಜೆಗೆ ಆದೀತು. ಅಷ್ಟೇ.

ಡಿಸೆಂಬರಿನಿಂದ ಫೆಬ್ರುವರಿಯ ನಡುವೆ ಇಲ್ಲಿ ಇರುವ ಭಾಗ್ಯ ಪಡೆದವರು ಸೀತನಿಯನ್ನು ತಪ್ಪಿಸಿಕೊಳ್ಳಕೂಡದು. ಮರಾಠಿಯಲ್ಲಿ ಹುರಡಾ ಎನ್ನುವ ಇದು, ಹಾಲುಗಾಳಿನ ಹಂತದ ಜೋಳದ ತೆನೆಯನ್ನು ಹೊಲದಲ್ಲಿಯೇ ಕುಳ್ಳಿನ ಕೆಂಡದಲ್ಲಿ ಸುಟ್ಟು, ಬಿಸಿಯಿರುವಾಗಲೇ ಅಂಗೈಯಲ್ಲಿ ತಿಕ್ಕಿ ಉದುರಿಸಿ, ಶೇಂಗಾ ಹಿಂಡಿ, ಬೆಲ್ಲ, ಮೊಸರುಗಳೊಡನೆ ತಿನ್ನುವ ತಿನಿಸು. ಈಗೀಗ ರೊಕ್ಕ ಕೊಟ್ಟವರಿಗೆ ಸೀತನಿ ಬಡಿಸುವ ತೋಟಗಳು ನಗರದ ಹೊರವಲಯದಲ್ಲಿ ಹೇರಳವಾಗಿ ಎದ್ದಿವೆಯಾದರೂ, ಕಾರ್ಖಾನೆಯ ಜೊತೆಗಾರನೊಬ್ಬನ ಹೊಲಕ್ಕೆ ಕರೆ ಬಂದರೆ ಎಲ್ಲ ಕೆಲಸ ಬಿಟ್ಟು ಹೋಗಬೇಕು. ಎಳ್ಳಮಾಸ್ಯೆಯ ದಿನ ಕರೆ ಬಂದರಂತೂ ಅದು ಪುಣ್ಯವೇ ಸರಿ: ಅಂದು ಮನೆಮಂದಿಯೆಲ್ಲ ಬುತ್ತಿ ಹೊತ್ತು ಹೊಲಕ್ಕೆ ಹೋಗಿ, ಭೂಮಿಗೆ ಚರಗ ಚೆಲ್ಲಿ, ಹಲವು ಕಾಳು ಕಾಯಿಪಲ್ಲೆಗಳನ್ನು ಕೂಡಿಸಿ ಬೇಯಿಸಿದ ಭಜ್ಜಿಯನ್ನೂ ಸಜ್ಜಿಯ ರೊಟ್ಟಿಯನ್ನೂ ಅಂಬಲಿಯನ್ನೂ ಉಣ್ಣುತ್ತಾರೆ, ದಾರಿಹೋಕನನ್ನೂ ಉಣ್ಣದೆ ಹೋಗಗೊಡುವುದಿಲ್ಲ.

ಸಂಕ್ರಾಂತಿಯೆಂದರೆ ಇಲ್ಲಿ ಗಡ್ಡಾ ಯಾತ್ರೆ. ಹನ್ನೆರಡನೆಯ ಶತಮಾನದ ಸೊನ್ನಲಿಗೆಯೇ ಈ ಸೊಲ್ಲಾಪುರವೆಂಬುದನ್ನೂ, ಇಲ್ಲಿ ಕೆರೆ ಕಟ್ಟಿಸಿ, ಗುಡಿ ಎತ್ತಿಸಿ, ಅನಂತರ ಅಲ್ಲಮನ ಸಂಗದಿಂದ ಕಲ್ಯಾಣಕ್ಕೆ ನಡೆದ ಸಿದ್ಧರಾಮನೇ ರಾಘವಾಂಕನ ಕಾವ್ಯದ ನಾಯಕನೆಂಬುದನ್ನೂ ಕನ್ನಡ ಓದುಗರಿಗೆ ನೆನಪಿಸಬೇಕಾಗಿಲ್ಲವಷ್ಟೆ. ಆ ಕೆರೆ ಇಂದಿಗೂ ಇದೆ, ನೀರಿನ ನಡುವೆ ಸಿದ್ಧೇಶ್ವರನ ಗುಡಿಯಿದೆ. ದಡದಲ್ಲಿ ಬಹಮನಿಗಳ ಕಾಲದ ಭುಯಿಕೋಟೆ. ಚಾಂದಬೀಬಿಯ ವಿವಾಹದ ಕಾಲಕ್ಕೆ ನಿಜಾಮಶಾಹಿಯಿಂದ ಆದಿಲಶಾಹಿಗೆ ಬಳುವಳಿಯಾಗಿ ಬಂದ ಈ ಕೋಟೆಯನ್ನು 1818ರಲ್ಲಿ ಪೇಶ್ವೆಯ ಸೈನ್ಯದಿಂದ ಗೆದ್ದುಕೊಂಡವನು ಥಾಮಸ್ ಮನ್ರೋ. ಅದರೊಳಗೆ ಮಲ್ಲಿಕಾರ್ಜುನನ ಹಳೆಯ ಗುಡಿಯ ಅವಶೇಷಗಳಿವೆ. ಸಿದ್ಧರಾಮನ ವಚನಗಳ ಅಂಕಿತ ಕಪಿಲಸಿದ್ಧ ಮಲ್ಲಿಕಾರ್ಜುನನೆಂಬುದನ್ನು ಬಲ್ಲವರು ಆ ಕಲ್ಲುಗಳ ಮುಂದೆ ಒಂದು ಗಳಿಗೆ ನಿಲ್ಲದಿರಲಾರರು. ಗುಡಿಗೆ ನಸುಕಿನಲ್ಲಿ ಹೋಗಬೇಕು, ಕೋಟೆಗೆ ಇಳಿಹೊತ್ತಿನಲ್ಲಿ. ನಡುಹಗಲಿನಲ್ಲಿ ಎರಡಕ್ಕೂ ಬೇಡ.

ಯಾತ್ರೆಯ ಕಥೆ ಹೀಗೆ: ಕುಂಬಾರ ಕನ್ಯೆಯೊಬ್ಬಳು ಸಿದ್ಧರಾಮನನ್ನೇ ವರಿಸುವೆನೆಂದು ಹಟ ಹಿಡಿಯಲು, ವಿರಕ್ತನಾದ ಆತನು ತನ್ನ ಯೋಗದಂಡದೊಡನೆ ಮದುವೆಗೆ ಒಪ್ಪಿದನಂತೆ. ಆ ಮದುವೆ ಇಂದಿಗೂ ಪ್ರತಿವರ್ಷ ನಡೆಯುತ್ತದೆ. ಬಿಳಿಯ ಬಾರಾಬಂದಿ ತೊಟ್ಟ ಭಕ್ತರು ಏಳು ನಂದಿಧ್ವಜಗಳನ್ನು ಹೊತ್ತು, ಸಿದ್ಧರಾಮನು ಊರ ಸುತ್ತ ಸ್ಥಾಪಿಸಿದನೆನ್ನುವ 68 ಲಿಂಗಗಳನ್ನು ಸಂದರ್ಶಿಸಿ ಎಣ್ಣೆಮಜ್ಜನ ಮಾಡಿಸುವುದು ಮೊದಲ ದಿನ. ಸಮ್ಮತಿಕಟ್ಟೆಯ ಬಳಿ ಅಕ್ಷತೆ ಮರುದಿನ. ಹೋಮ, ಮದ್ದಿನ ಆಟ, ಕಪ್ಪಡಕಳಿ ಆಮೇಲಿನವು. ಗುಡಿಯ ಸುತ್ತಲಿನ ಆಡಳಿತದ ಮಾತೆಲ್ಲ ಮರಾಠಿಯಲ್ಲಿ ನಡೆಯುವ ಊರಿನಲ್ಲಿ ವಿಧಿಗಳ ಹೆಸರು ಮಾತ್ರ ಕನ್ನಡದಲ್ಲಿಯೇ ನಿಂತಿವೆ. ಬಿಡಿಬಿಡಿಯಾಗಿ ನೋಡುವುದಾದರೆ ಅಕ್ಷತೆಯ ದಿನವೊಂದು ಸಾಕು. ಆದರೆ ನಂದಿಧ್ವಜವನ್ನು ಸೊಂಟದ ಬಲದ ಮೇಲೆ ನಿಲ್ಲಿಸಿ ನಡೆಯುವವರ ಶ್ರಮವನ್ನು ಕಾಣಬೇಕಾದರೆ ಮೊದಲ ದಿನದ ಮೆರವಣಿಗೆಯ ಜೊತೆಗೆ ಕೆಲವು ಓಣಿಗಳನ್ನಾದರೂ ನಡೆಯಬೇಕು. ಮಳೆಗಾಲದಲ್ಲಿ ಬಂದವರಿಗೆ ನೂಲ ಹುಣ್ಣಿಮೆಯಂದು ಪೂರ್ವಭಾಗದಲ್ಲಿ ಪದ್ಮಶಾಲಿಗಳ ಮಾರ್ಕಂಡೇಯ ರಥೋತ್ಸವವಿದೆ.

ಪೇಟೆಯಲ್ಲಿ ಕಾಲಾಡಿಸುವವರು ನಾಲ್ವರು ಹುತಾತ್ಮರ ಪ್ರತಿಮೆಗಳನ್ನು ಕಾಣದಿರಲಾರರು. 1930ರ ಮೇ ತಿಂಗಳಿನಲ್ಲಿ, ಗಾಂಧೀಜಿಯವರ ಬಂಧನವನ್ನು ಪ್ರತಿಭಟಿಸಿ ಎದ್ದ ಈ ನಗರದಲ್ಲಿ ಕೆಲವು ದಿನ ಬ್ರಿಟಿಷರ ಆಡಳಿತವೇ ಇಲ್ಲದಂತಾಗಿ, ಬಳಿಕ ಲಷ್ಕರಿ ಕಾಯಿದೆ ಜಾರಿಯಾಯಿತು. ಗಾಂಧಿ ಟೋಪಿ ಧರಿಸುವುದೂ ಅಪರಾಧವಾಯಿತು. ಮಲ್ಲಪ್ಪ ಧನಶೆಟ್ಟಿ, ಶ್ರೀಕಿಸನ್ ಸಾರಡಾ, ಜಗನ್ನಾಥ ಶಿಂದೆ, ಕುರ್ಬಾನ್ ಹುಸೇನ್, ಈ ನಾಲ್ವರನ್ನು 1931ರ ಜನವರಿ 12ರಂದು ಯರವಡೆಯಲ್ಲಿ ಗಲ್ಲಿಗೇರಿಸಿದರು. ಪುಣೆಗೆ ಹೋಗುವ ಹುತಾತ್ಮಾ ಎಕ್ಸ್‌ಪ್ರೆಸ್ಸಿನ ಹೆಸರು ಇವರದೇ. ಚೀನಾದಲ್ಲಿ ಗಾಯಾಳುಗಳ ಶುಶ್ರೂಷೆ ಮಾಡುತ್ತ 1942ರಲ್ಲಿ ತೀರಿಕೊಂಡ ಡಾ. ದ್ವಾರಕಾನಾಥ ಕೋಟಣೀಸರೂ ಇಲ್ಲಿ ಹುಟ್ಟಿದವರು. ಕನ್ನಡಿಗರಿಗೆ ಇನ್ನೂ ಎರಡು ನೆನಪುಗಳು ಇಲ್ಲಿವೆ. ‘ರಂಗಣ್ಣನ ಕನಸಿನ ದಿನಗಳು’ ಬರೆದ ಎಂ. ಆರ್. ಶ್ರೀನಿವಾಸಮೂರ್ತಿಗಳ ಅಧ್ಯಕ್ಷತೆಯಲ್ಲಿ ಕನ್ನಡ ಸಾಹಿತ್ಯ ಸಮ್ಮೇಳನ 1950ರಲ್ಲಿ ನೆರೆದುದು ಸೊಲ್ಲಾಪುರದಲ್ಲಿ. ಮತ್ತು 1974ರಲ್ಲಿ ಮಂಡ್ಯದ ಸಮ್ಮೇಳನಕ್ಕೆ ಅಧ್ಯಕ್ಷರಾಗಿ ಆ ಪೀಠದ ಮೇಲೆ ಕುಳಿತ ಮೊದಲ ಮಹಿಳೆ ಜಯದೇವಿತಾಯಿ ಲಿಗಾಡೆಯವರು ಈ ಊರಿನ ಮಗಳು. ಶಾಲೆಯಲ್ಲಿ ಮರಾಠಿ ಓದಿ, ಸ್ವಂತ ಪ್ರಯತ್ನದಿಂದ ಕನ್ನಡದ ಲೇಖಕಿಯಾಗಿ, ಸಿದ್ಧರಾಮೇಶ್ವರನ ಮೇಲೆ ಮಹಾಕಾವ್ಯ ಬರೆದ ಆ ತಾಯಿಯ ಪುಸ್ತಕವೊಂದನ್ನು ಚೀಲದಲ್ಲಿಟ್ಟು ತಂದರೆ ವಸತಿಗೃಹದ ಸಂಜೆಗಳು ಬೇಸರವಾಗವು.

ಭಾನುವಾರಗಳ ವಿಚಾರಕ್ಕೆ ಬರೋಣ. ಅಕ್ಕಲಕೋಟ ಸುಮಾರು 40 ಕಿಲೋಮೀಟರು. ಗುರುವಾರವೂ ಹುಣ್ಣಿಮೆಯೂ ಅಲ್ಲದ ದಿನ ಹೋದರೆ, ಸ್ವಾಮಿ ಸಮರ್ಥರು 1878ರಲ್ಲಿ ದೇಹ ಬಿಟ್ಟ ಊರಿನ ವಟವೃಕ್ಷದ ಗುಡಿಯನ್ನೂ ಸಮಾಧಿಮಠವನ್ನೂ ನೂಕುನುಗ್ಗಲಿಲ್ಲದೆ ಕಂಡು, ಅನ್ನಛತ್ರದಲ್ಲಿ ಎಲ್ಲರೊಡನೆ ಪಂಕ್ತಿಯಲ್ಲಿ ಉಣ್ಣಬಹುದು. ಅಷ್ಟಕ್ಕೇ ಮರಳಬಾರದು. ಭೋಸಲೆ ಸಂಸ್ಥಾನಿಕರ ಅರಮನೆಯ ಶಸ್ತ್ರಾಗಾರವನ್ನು ನೋಡಿ, ಪೇಟೆಯಲ್ಲಿ ಕನ್ನಡ ಶಾಲೆಯ ಮಕ್ಕಳ ಮಾತು ಕೇಳಿ ಬರಬೇಕು. ಈ ತಾಲೂಕು ಕರ್ನಾಟಕಕ್ಕೆ ಸೇರಬೇಕೆಂದು 1967ರಲ್ಲಿ ಮಹಾಜನ ಆಯೋಗ ಸೂಚಿಸಿತ್ತು, ಸೇರಲಿಲ್ಲ. ಮಕ್ಕಳು ಮಾತ್ರ ಮನೆಯಲ್ಲಿ ಕನ್ನಡ, ಬಸ್ಸಿನಲ್ಲಿ ಮರಾಠಿ ಆಡುತ್ತ ಸುಖವಾಗಿದ್ದಾರೆ.

ನನ್ನನ್ನು ಕೇಳಿದರೆ ಒಂದೇ ಭಾನುವಾರ ಉಳಿದಿರುವವನು ಹೋಗಬೇಕಾದುದು ಹತ್ತರಸಂಗ ಕೂಡಲಕ್ಕೆ. ಭೀಮೆ ಮತ್ತು ಸೀನೆ ಕೂಡುವ ಆ ದಂಡೆಯಲ್ಲಿ ಸಂಗಮೇಶ್ವರನ ಗುಡಿಯಿದೆ. ಅದರ ಶಿಲಾಲೇಖವು ಶಕ 940ರದು, ಎಂದರೆ ಕ್ರಿ. ಶ. 1018ರದು, ಮರಾಠಿಯ ಅತ್ಯಂತ ಹಳೆಯ ಬರಹಗಳಲ್ಲಿ ಒಂದೆಂದು ವಿದ್ವಾಂಸರು ಎಣಿಸುವಂಥದು. ಅಲ್ಲಿಯೇ ಮೈತುಂಬ ನೂರಾರು ಮುಖಗಳನ್ನು ಕೆತ್ತಿದ ಲಿಂಗವೊಂದಿದೆ. ಒಂದು ಮುಖದಂತೆ ಇನ್ನೊಂದಿಲ್ಲ. ಊರಿನ ಹೆಸರು ಕನ್ನಡ, ಲೇಖದ ಮಾತು ಮರಾಠಿ, ಶಿಲ್ಪ ಚಾಲುಕ್ಯರ ಕಾಲದ್ದು. ಗಡಿಯ ವಾದಗಳಲ್ಲಿ ಗಂಟಲು ಹರಿದುಕೊಳ್ಳುವ ಎರಡೂ ಕಡೆಯ ಮಹನೀಯರನ್ನು ಒಂದು ದಿನ ಅಲ್ಲಿ ಕೂರಿಸಿ ಬುತ್ತಿ ಬಿಚ್ಚಿಸಬೇಕೆಂಬುದು ನನ್ನ ಬಹುದಿನದ ಹಂಬಲ. ಕೂಡಲದಲ್ಲಿ ಊಟದ ಅಂಗಡಿಗಳನ್ನು ನಂಬಿ ಹೋಗಬೇಡಿರಿ. ಖಡಕ್ ರೊಟ್ಟಿಯ ಪ್ರಯೋಜನ ಅಂದು ತಿಳಿಯುತ್ತದೆ.

ಮಿಕ್ಕವನ್ನು ಋತುವಿಗೆ ತಕ್ಕಂತೆ ಆಯ್ದುಕೊಳ್ಳಬೇಕು. ಬೋರಿ ನದಿಗೆ ಅಡ್ಡಲಾಗಿ ಎರಡನೆಯ ಇಬ್ರಾಹಿಂ ಆದಿಲಶಹ ಕಟ್ಟಿಸಿದ ಒಡ್ಡಿನ ಹೊಟ್ಟೆಯಲ್ಲಿ ಪಾಣಿಮಹಲನ್ನು ಇರಿಸಿಕೊಂಡ ನಳದುರ್ಗವು ನದಿ ತುಂಬಿ ಒಡ್ಡಿನ ಮೇಲೆ ಧುಮುಕುವಾಗ ಮಾತ್ರ ನೋಡತಕ್ಕುದು. ಬಾರ್ಶಿ ರಸ್ತೆಯ ನಾನ್ನಜದ ಹುಲ್ಲುಗಾವಲು 1979ರಲ್ಲಿ ಎರ್ಲಡ್ಡು ಹಕ್ಕಿಗಾಗಿ ಮೀಸಲಾದುದು. ಆ ಹಕ್ಕಿಯನ್ನು ಕಾಣುವ ಆಸೆ ಇಟ್ಟುಕೊಳ್ಳದೆ ಕೃಷ್ಣಮೃಗಗಳ ಹಿಂಡಿಗಾಗಿ ಬೆಳಗಿನಲ್ಲಿ ಹೋಗಬಹುದು. ಬಿಜ್ಜಳನ ಮಂಗಳವಾಡವೇ ಆದ ಮಂಗಳವೇಢೆ, ಬಸವಣ್ಣನವರು ಕಲ್ಯಾಣಕ್ಕೆ ಮುನ್ನ ಕರಣಿಕರಾಗಿದ್ದ ಊರು, ಪಂಢರಪುರದ ದಾರಿಯಲ್ಲಿಯೇ ಸಿಗುತ್ತದೆ. ಏಪ್ರಿಲ್ ಮೇ ತಿಂಗಳುಗಳಲ್ಲಿ ಇವಾವುವೂ ಬೇಡ; ಉಷ್ಣತೆ 42, 43 ಡಿಗ್ರಿಗೆ ಏರುವ ದಿನಗಳವು. ಕೋಣೆ ಹಿಡಿಯುವಾಗ ಹಾಸಿಗೆಗಿಂತ ಮೊದಲು ನೀರಿನ ತೊಟ್ಟಿಯನ್ನು ವಿಚಾರಿಸಿರಿ. ಉಜನಿ ಜಲಾಶಯದಿಂದ ದೂರ ಹರಿದು ಬರುವ ನಳದ ನೀರು ಈ ನಗರದಲ್ಲಿ ದಿನಾಲು ಬರುವುದೆಂಬ ಭರವಸೆಯಿಲ್ಲ.

ಚಾದರವನ್ನು ಕೊಳ್ಳುವ ಕೆಲಸ ಕಡೆಯ ವಾರಕ್ಕಿರಲಿ, ಆ ಹೊತ್ತಿಗೆ ಕಣ್ಣು ಪಳಗಿರುತ್ತದೆ. ಇಲ್ಲಿಯ ಹೆಸರು ಹೊತ್ತು ಬೇರೆಡೆಯಿಂದ ಬರುವ ಮಾಲು ನಿಲ್ದಾಣದ ಸುತ್ತಲಿನ ಅಂಗಡಿಗಳಲ್ಲಿಯೂ ಕಡಿಮೆಯೇನಿಲ್ಲ. ಮಡಿಕೆ ಬಿಚ್ಚಿಸಿ, ಎರಡೂ ಮಗ್ಗುಲು ತಿರುವಿ ನೋಡಿರಿ: ಜಕಾರ್ಡಿನಲ್ಲಿ ನೇಯ್ದುದಾದರೆ ಒಂದು ಬದಿಯ ಹೂವಿನ ಬಣ್ಣ ಇನ್ನೊಂದು ಬದಿಯಲ್ಲಿ ನೆಲದ ಬಣ್ಣವಾಗಿರುತ್ತದೆ, ಎರಡು ಬದಿಯನ್ನೂ ಹೊದೆಯಬಹುದು, ಅಚ್ಚು ಹಾಕಿದುದಾದರೆ ಹಿಂಬದಿ ಮಂಕಾಗಿರುತ್ತದೆ. ಕೈಗೆ ಹತ್ತಿಯ ತೂಕ ತಿಳಿಯಬೇಕು, ಜಾರುವ ನುಣುಪು ಇರಬಾರದು. ಎಂಐಡಿಸಿಯಲ್ಲಿ ಕೆಲಸ ಮಾಡಿದವರಿಗೆ ಕಾರ್ಖಾನೆಯ ಬಾಗಿಲಿನಲ್ಲಿಯೇ ಕೊಳ್ಳುವ ಅನುಕೂಲವುಂಟು. ಅಲ್ಲಿ ಚೌಕಾಶಿ ಮಾಡುವುದು ಸಲ್ಲದು, ಆ ಮಗ್ಗದವನ ಹೆಸರು ಕೇಳಿ ಬರೆದುಕೊಳ್ಳುವುದು ಸಲ್ಲುತ್ತದೆ.